ನಾಲ್ಕನೇ ಪ್ರೆಸ್ಸಿನ ಎರಡನೇ ಏಟು

ಎಂಟು ತಿಂಗಳಿಂದ ಸುಕೃತಿ ಕೇಳುತ್ತಿದ್ದ ಸದ್ದು ಅವಳ ತಂದೆ ಶ್ಯಾಮಸುಂದರ ಅವರಿಗೆ ಎರಡೇ ನಿಮಿಷದಲ್ಲಿ ಕೇಳಿಸಿತು.

ಆಗಸ್ಟ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಜಾಲಹಳ್ಳಿಯ ಮನೆಯ ನಡುಕೋಣೆಯಲ್ಲಿ ಕೂತು ಅವಳು ಒಂದು ಹಳೆಯ ಸಂದರ್ಶನವನ್ನು ಲ್ಯಾಪ್‌ಟಾಪಿನಲ್ಲಿ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಳು. ಹೆಡ್‌ಫೋನ್ ಹಿಂದಿನ ದಿನವಷ್ಟೇ ಕೆಟ್ಟಿತ್ತು. ಹಾಗಾಗಿ ಧ್ವನಿ ಮನೆಯೆಲ್ಲ ಹರಡಿತ್ತು. ಹೆಂಗಸೊಬ್ಬಳ ನಿಧಾನದ ಮಾತು, ಅದರ ಹಿಂದೆ ಕಾರ್ಖಾನೆಯ ಏಟು. ಮಾತನ್ನು ಸುಕೃತಿ ಅಕ್ಷರ ಬಿಡದೆ ಬರೆಯುತ್ತಿದ್ದಳು. ಏಟು ಜೋರಾಗಿ ಮಾತು ಮುಳುಗಿಹೋದ ಕಡೆ, ವಿಶ್ವವಿದ್ಯಾಲಯದಲ್ಲಿ ಹೇಳಿಕೊಟ್ಟಂತೆ, ಚೌಕ ಕಂಸ ಹಾಕಿ ಒಳಗೆ ‘ಹಿನ್ನೆಲೆ ಸದ್ದು’ ಎಂದು ಬರೆಯುತ್ತಿದ್ದಳು.

ಶ್ಯಾಮಸುಂದರ ಪೇಪರಿನಿಂದ ತಲೆಯೆತ್ತಿದರು. ಸರ್ಕಾರಿ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ, ತಗಡು ಒತ್ತುವ ಯಂತ್ರಗಳ ನಡುವೆ, ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು ಅವರು. ಮಗಳ ಪಿಎಚ್‌ಡಿ ಸಮಾಜಶಾಸ್ತ್ರದ್ದು, ತಮಗೆ ತಿಳಿಯುವಂಥದ್ದಲ್ಲ ಎಂದು ಅದರ ಸುದ್ದಿಗೆ ಹೋದವರಲ್ಲ. ಈಗ ಮಾತ್ರ ಒಂದು ನಿಮಿಷ ಹಿಂದಕ್ಕೆ ಹಾಕು ಎಂದರು. ಹಾಕಿದಳು. ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಂದು ಸಲ ಎಂದರು.

"ಕಾಲು ಒಂದು ಸಲ ಒತ್ತಿದ್ದು ಕಣೇ. ಏಟು ಎರಡು ಬಿದ್ದಿದೆ."

"ಹಾಗಂದ್ರೆ?"

"ಪೆಡಲ್ ಒತ್ತಿದಾಗ ಕಟ್ ಅನ್ನತ್ತೆ, ಆಮೇಲೆ ಏಟು. ಇಲ್ಲಿ ಕೇಳು. ಕಟ್, ಏಟು. ಕಟ್, ಏಟು. ಈಗ... ಕಟ್, ಏಟು, ಏಟು. ಎರಡನೇದು ತಾನೇ ಬಿತ್ತು. ಕ್ಲಚ್ಚಿನ ಸ್ಪ್ರಿಂಗ್ ಹೋಗಿರ್ಬೇಕು, ತಿರುಗೋ ಚಕ್ರದಿಂದ ಬಿಡಿಸ್ಕೊಳ್ದೆ ಮತ್ತೆ ಬಿದ್ದಿದೆ. ಒಂದೇಟು ಆಯ್ತಲ್ಲ ಅಂತ ಕೈ ಹಾಕ್ತಾರೆ, ಪೀಸ್ ತೆಗೆಯಕ್ಕೆ. ಅಷ್ಟರಲ್ಲಿ ಇನ್ನೊಂದು." ಅವರು ಕನ್ನಡಕ ತೆಗೆದರು. "ಇದು ಯಾವಾಗಿನ ರೆಕಾರ್ಡಿಂಗು?"

ಸುಕೃತಿಗೆ ಗೊತ್ತಿತ್ತು. ಆದರೂ ಪರದೆಯ ಮೇಲೆ ತಾರೀಕು ನೋಡಿ ಡಿಸೆಂಬರ್ ಎಂದಳು.

"ಆ ಮೆಷಿನ್ ಮೇಲೆ ಈಗ ಯಾರು ಕೂತ್ಕೋತಾರೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ರೆಕಾರ್ಡಿಂಗಿನ ಹೆಂಗಸೇ ಮಾತಾಡಿದಳು. "ಅಂವ ಎಲ್ಲೂ ಹೋಗಿಲ್ಲ ತಂಗಿ. ನಾ ಒಮ್ಮೆ ಒತ್ತತೀನಿ, ಅಂವ ಒಮ್ಮೆ ಒತ್ತತಾನ."

"ಇವರೇ," ಎಂದಳು ಸುಕೃತಿ.

ಆ ಕಾರ್ಖಾನೆಯ ಸೂಪರ್‌ವೈಸರ್ ಸಂಗಣ್ಣನಿಗೆ ಮೂರು ಸಲ ಫೋನು ಮಾಡಿದಳು. ಎತ್ತಲಿಲ್ಲ. ರೆಕಾರ್ಡಿಂಗಿನ ಹೆಂಗಸು ಹೊಳೆವ್ವಳಿಗೆ ಮಾಡುವಂತಿರಲಿಲ್ಲ, ಎಂಟೂವರೆಗೆ ಶಿಫ್ಟು ಶುರುವಾಗುವಾಗಲೇ ಕೆಲಸದವರ ಫೋನುಗಳೆಲ್ಲ ಆಫೀಸಿನ ಪೆಟ್ಟಿಗೆ ಸೇರುತ್ತಿದ್ದವು. ಅವಳು ಆಟೋ ಹುಡುಕುತ್ತ ಮೊಬೈಲು ಒತ್ತುತ್ತಿರುವಾಗ ತಂದೆ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಸ್ಕೂಟರಿನ ಬೀಗದಕೈ ಹಿಡಿದು ಬಂದರು.

ಹೊಳೆವ್ವಳ ಗಂಡ ಭರಮಪ್ಪ ಕೊಪ್ಪಳದ ಕಡೆಯವನು. ಪೀಣ್ಯ ಎರಡನೇ ಹಂತದ ಆ ಶೆಡ್ಡಿನ ಆರು ಪ್ರೆಸ್ಸುಗಳಲ್ಲಿ ನಾಲ್ಕನೆಯದರ ಮುಂದೆ ಹನ್ನೊಂದು ವರ್ಷ ಕೂತು, ಮೀಟರ್ ಬಾಕ್ಸುಗಳ ಕ್ಲಾಂಪು ಒತ್ತಿದವನು. ಹೋದ ದೀಪಾವಳಿಗೆ ಒಂದು ವಾರ ಇದ್ದಾಗ, ಎದೆ ಹಿಡಿದಂತಾಗುತ್ತದೆ, ಒಂದು ಟೀ ಕುಡಿದು ಬರುತ್ತೇನೆ ಎಂದು ಹೊರಗೆ ಹೋದ. ಟೀ ಅಂಗಡಿಯ ಬೆಂಚಿನ ಮೇಲೆಯೇ ಹೋಗಿಬಿಟ್ಟ. ಮಾಲೀಕರು ಕನಿಕರದಿಂದ ಹೊಳೆವ್ವಳನ್ನು ಪ್ಯಾಕಿಂಗಿಗೆ ಸೇರಿಸಿಕೊಂಡರು. ಒಂದು ತಿಂಗಳಾಗುವಷ್ಟರಲ್ಲಿ ಅವಳು ನಾಲ್ಕನೇ ಪ್ರೆಸ್ಸು ತನಗೇ ಬೇಕೆಂದು ಕೇಳಿ ಪಡೆದಳು. ಅದರ ಮುಂದೆ ಕೂರಲು ಬೇರೆ ಯಾರಿಗೂ ಮನಸ್ಸಿರಲಿಲ್ಲ. ಅದರಲ್ಲಿ ಭರಮಪ್ಪ ಇದ್ದಾನೆ ಎಂದು ಶೆಡ್ಡಿನವರೆಲ್ಲ ಹೇಳುತ್ತಿದ್ದರು.

ಸುಕೃತಿ ಅಲ್ಲಿಗೆ ಹೋದದ್ದು ಊರು ಬಿಟ್ಟು ಬಂದ ಕೆಲಸಗಾರರ ದಿನಚರಿಯ ಬಗ್ಗೆ ಬರೆಯಲು. ಹೋದ ಎರಡನೇ ವಾರವೇ ಭರಮಪ್ಪನ ಕಥೆ ಸಿಕ್ಕಿತು. ಓಡಿಹೋಗಿ ತನ್ನ ಮಾರ್ಗದರ್ಶಕಿ ಪ್ರಿಯಂವದಾ ಮೇಡಂಗೆ ಹೇಳಿದ್ದಳು. ಮೇಡಂ ಮೆಚ್ಚಿಕೊಂಡು, ಎಚ್ಚರಿಕೆಯನ್ನೂ ಹೇಳಿದ್ದರು. ಹಿಂದಿನ ಕಾಲದ ವಿದ್ವಾಂಸರು ಇಂಥ ಮಾತು ಕಿವಿಗೆ ಬಿದ್ದ ಕೂಡಲೇ ಮೂಢನಂಬಿಕೆ ಎಂದು ಬರೆದು ಪುಟ ತಿರುಗಿಸುತ್ತಿದ್ದರು, ಆ ಸೊಕ್ಕು ನಮಗೆ ಬೇಡ ಎಂದಿದ್ದರು. "ದೆವ್ವ ಇದೆಯಾ ಇಲ್ವಾ ಅಂತ ಕೇಳ್ಬೇಡ. ನಿಜಾನಾ ಸುಳ್ಳಾ ಅನ್ನೋ ಪ್ರಶ್ನೇನ ಕಂಸದೊಳಗೆ ಇಟ್ಬಿಡು. ಅದು ಅವರ ಬದುಕಲ್ಲಿ ಏನು ಕೆಲಸ ಮಾಡ್ತಿದೆ ಅಂತ ಮಾತ್ರ ನೋಡು." ಸುಕೃತಿ ಹಾಗೆಯೇ ನೋಡಿದಳು. ಒಳ್ಳೆಯ ವಿಧಾನವೇ ಅದು. ಆ ವಿಧಾನದಿಂದಲೇ ಹೊಳೆವ್ವ ಅವಳೊಡನೆ ಬಾಯಿ ಬಿಟ್ಟು ಮಾತಾಡಿದ್ದು. ನಿನಗೆ ತಲೆ ಕೆಟ್ಟಿದೆ ಎನ್ನದೆ ಕೇಳಿಸಿಕೊಂಡವಳು ಅವಳೊಬ್ಬಳೇ.

ಹಾಗೆ ಕೇಳಿಸಿಕೊಳ್ಳುವುದು ಸುಕೃತಿಗೆ ಕಷ್ಟವೂ ಆಗಿರಲಿಲ್ಲ. ಅಮ್ಮ ತೀರಿಕೊಂಡು ಎರಡು ವರ್ಷ. ಅಮ್ಮ ಕಚೇರಿಯಿಂದ ಬರುತ್ತಿದ್ದ ಹೊತ್ತಿಗೆ, ಸಂಜೆ ಆರರ ಸುಮಾರಿಗೆ, ಗೇಟಿನ ಚಿಲಕ ಸರಿದ ಸದ್ದು ಈಗಲೂ ಒಂದೊಂದು ದಿನ ಕೇಳಿಸುತ್ತಿತ್ತು. ತಂದೆಗೂ ಕೇಳಿಸುತ್ತಿತ್ತೆಂದು ಅವರು ಪೇಪರಿನ ಪುಟ ತಿರುಗಿಸದೆ ನಿಲ್ಲಿಸುವುದರಿಂದ ಗೊತ್ತಾಗುತ್ತಿತ್ತು. ಇಬ್ಬರೂ ಎದ್ದು ಹೋಗಿ ನೋಡುತ್ತಿರಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ. ಮೇಡಂ ಕಲಿಸಿದ ವಿಧಾನ ಆ ಮನೆಗೆ ಮೊದಲೇ ರೂಢಿಯಾಗಿತ್ತು.

ಜಾಲಹಳ್ಳಿ ಕ್ರಾಸಿನಲ್ಲಿ ಸ್ಕೂಟರು ನಿಂತಿತು. ಮುಂದೆ ಎರಡು ಲಾರಿ, ಪಕ್ಕದಲ್ಲಿ ಕಂಪನಿ ಬಸ್ಸು, ತಲೆಯ ಮೇಲೆ ಮೆಟ್ರೋ. ಹಸಿರು ದೀಪ ಎರಡು ಸಲ ಬಂದು ಹೋದರೂ ಸಾಲು ಕದಲಲಿಲ್ಲ. ತಂದೆ ತಿರುಗದೆ ಮಾತಾಡಿದರು. ಅವಳು ಚಿಕ್ಕವಳಿದ್ದಾಗ ಅವರ ಶಾಪಿನವರೊಬ್ಬರು ಮನೆಗೆ ಊಟಕ್ಕೆ ಬರುತ್ತಿದ್ದರು, ಎಡಗೈಯಲ್ಲಿ ಲೋಟ ಹಿಡಿಯುತ್ತಿದ್ದರು, ನೆನಪಿದೆಯೇ ಎಂದು ಕೇಳಿದರು. ನೆನಪಿತ್ತು. ಬಲಗೈಯನ್ನು ಸದಾ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಅವಳಿಗೆ ಒಗಟು ಹೇಳುತ್ತಿದ್ದವರು.

"ಅವನು ಎಡಚ ಅಲ್ಲ ಕಣಮ್ಮ," ಎಂದರು ತಂದೆ.

ಲಾರಿ ಕದಲಿತು. ಆಮೇಲೆ ದಾರಿಯುದ್ದಕ್ಕೂ ಸುಕೃತಿ ತನ್ನ ಕಡತಗಳನ್ನು ಮನಸ್ಸಿನಲ್ಲೇ ತಿರುವಿದಳು. ಹತ್ತೊಂಬತ್ತು ಸಂದರ್ಶನ. ಹೊಳೆವ್ವಳದ್ದೇ ಆರು. ಎಲ್ಲವೂ ಉಗ್ರಾಣದ ಕೋಣೆಯಲ್ಲಿ, ಟೀ ಬಿಡುವಿನಲ್ಲಿ; ಇವತ್ತು ಕೇಳಿದ್ದೊಂದನ್ನು ಮಾತ್ರ ಹೊಳೆವ್ವ ರೆಕಾರ್ಡರನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಕೆಲಸ ಮಾಡುತ್ತಲೇ ಹೇಳಿದ್ದಳು. ಕೆಲಸದ ಹೊತ್ತಿನಲ್ಲಿ ಯಂತ್ರಗಳ ಹತ್ತಿರ ಹೊರಗಿನವರು ನಿಲ್ಲಬಾರದೆಂದು ಮಾಲೀಕರು ಮೊದಲೇ ಹೇಳಿದ್ದರು. ಬಾಗಿಲಲ್ಲಿ ನಿಂತು ಒಂದೆರಡು ಸಲ ನೋಡಿದ್ದಳಷ್ಟೆ. ಪೆಡಲ್ ಒತ್ತಿದ ಮೇಲೆ ಹೊಳೆವ್ವ ಕೂಡಲೇ ಕೈ ಹಾಕುತ್ತಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಾಯುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ, ಅವನ ಪಾಳಿ ಮುಗಿಯಲಿ ಅಂತ ಎಂದಿದ್ದಳು. ಆ ಒಂದು ಮಾತಿನ ಮೇಲೆ ಸುಕೃತಿ ಇಡೀ ಅಧ್ಯಾಯ ಕಟ್ಟಿದ್ದಳು. ದಿಲ್ಲಿಯ ವಿಚಾರ ಸಂಕಿರಣದಲ್ಲಿ ಅದನ್ನು ಓದಿದಾಗ ಸಭೆ ಸ್ತಬ್ಧವಾಗಿತ್ತು.

ಎರಡು ಸಲ ಬೀಳುತ್ತದೆ ಎಂದು ಹೊಳೆವ್ವ ಆರು ಸಂದರ್ಶನಗಳಲ್ಲೂ ಹೇಳಿದ್ದಳು. ಬೀಳುತ್ತದೆಯೇ ಎಂದು ಸುಕೃತಿ ಒಮ್ಮೆಯೂ ಕೇಳಿರಲಿಲ್ಲ.

ಶೆಡ್ಡಿನ ಗೇಟಿನಲ್ಲಿ ಸಂಗಣ್ಣ ಎದುರಾದ. ಅವನೂ ಕೊಪ್ಪಳದವನೇ, ಭರಮಪ್ಪನನ್ನು ಬೆಂಗಳೂರಿಗೆ ಕರೆತಂದವನು, ಅವನ ಹೆಣಕ್ಕೆ ಹೆಗಲು ಕೊಟ್ಟವನು. ಸುಕೃತಿ ಹೇಳದೆ ಕೇಳದೆ ಬಂದದ್ದಕ್ಕೆ ಖುಷಿಯಾಗಿ, ಚಹಾ ಕುಡಿಯಿರಿ ಮೊದಲು ಎಂದು ಆಫೀಸಿನೊಳಗೆ ಕರೆದ. ಫೋನು ನೋಡಿರಲಿಲ್ಲ, ಲಾರಿಗೆ ಮಾಲು ತುಂಬಿಸುತ್ತಿದ್ದೆ ಎಂದ. ಸುಕೃತಿ ನಿಂತಲ್ಲೇ ನಾಲ್ಕನೇ ಪ್ರೆಸ್ಸು ನಿಲ್ಲಿಸಬೇಕು, ಅದು ಎರಡು ಸಲ ಬೀಳುತ್ತಿದೆ ಎಂದಳು.

ಸಂಗಣ್ಣ ನಕ್ಕ. "ಮೇಡಂ, ಅದನ್ನ ನೀವ ಬರದೀರಲ್ಲರಿ," ಎಂದು ಗೋಡೆಯ ಕಡೆ ಕೈ ಮಾಡಿದ.

ಗೋಡೆಯ ಮೇಲೆ, ರಜೆಯ ಪಟ್ಟಿಯ ಪಕ್ಕದಲ್ಲಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಎರಡು ಪುಟ. ಅವಳದ್ದೇ. ಎಲ್ಲಿ ಅಧ್ಯಯನ ಮಾಡುತ್ತೀರೋ ಆ ಜಾಗದವರಿಗೆ ಅಧ್ಯಯನದ ಸಾರವನ್ನು ಅವರ ಭಾಷೆಯಲ್ಲಿ ಮರಳಿಸಬೇಕು ಎಂಬುದು ಪ್ರಿಯಂವದಾ ಮೇಡಂ ಅವರ ನಿಯಮ. ಮೇ ತಿಂಗಳಲ್ಲಿ ಸುಕೃತಿ ಎರಡು ಪುಟವನ್ನು ಸರಳ ಕನ್ನಡದಲ್ಲಿ ಬರೆದು, ಹೆಸರುಗಳನ್ನೆಲ್ಲ ಬದಲಾಯಿಸಿ, ಇವನ ಕೈಗೇ ಕೊಟ್ಟಿದ್ದಳು. ಓದಿ ಬಿಸಾಡುತ್ತಾರೆ ಎಂದುಕೊಂಡಿದ್ದಳು. ಇವನು ಗೋಡೆಗೆ ಹಾಕಿದ್ದ. ಕೆಲವು ಸಾಲುಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದ.

ಜೂನ್‌ನಲ್ಲಿ ಹೊಳೆವ್ವ ಊರಿಗೆ ಹೋಗಿ ನಾಲ್ಕು ದಿನ ಬರದಿದ್ದಾಗ ಧನಲಕ್ಷ್ಮಿ ಎಂಬವಳನ್ನು ಆ ಪ್ರೆಸ್ಸಿನ ಮುಂದೆ ಕೂರಿಸಿದ್ದರಂತೆ. ಮೊದಲ ದಿನವೇ ಅವಳು ಬಂದು, ಅಣ್ಣ, ಇದು ಎರಡೇಟು ಹಾಕುತ್ತೆ, ನಾನೊಲ್ಲೆ ಎಂದಳಂತೆ. ಸಂಗಣ್ಣನಿಗೂ ಮೊದಲು ಫಿಟ್ಟರನ್ನು ಕರೆಸುವ ಯೋಚನೆ ಇತ್ತು. ಆಮೇಲೆ ಈ ಹಾಳೆ ಓದಿದ. ಎಲ್ಲ ತಿಳಿಯಿತು. ಧನಲಕ್ಷ್ಮಿಗೂ ಓದಿ ಹೇಳಿದ. ಯಂತ್ರದಲ್ಲೇನೂ ಇಲ್ಲ, ಇದು ನಮ್ಮ ಮನಸ್ಸಿನ ಸಂಕಟ ಎಂದು ವಿವರಿಸಿದ. ಅದನ್ನು ಹೇಳುವಾಗ ಅವನ ದನಿ ಒದ್ದೆಯಾಯಿತು. ಅವನಿಗೂ ಭರಮಪ್ಪ ಗೆಳೆಯನೇ.

"ಹೊಳೆವ್ವಗೂ ತಿಳಿಸಿ ಹೇಳೀನ್ರಿ. ಒಂದೊಂದು ಪೀಸಿಗೂ ಕೈ ತಡೀತಿದ್ಲು, ನೋಡ್ಲಿಕ್ಕೆ ಆಗತಿರಲಿಲ್ಲ. ನೀವು ಬರದಿದ್ದ ಓದಿದೆ." ಅವನು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ಓದಿದ. "'ಪ್ರತಿ ಏಟಿನ ನಂತರದ ಈ ವಿರಾಮ ಯಂತ್ರಕ್ಕೆ ಬೇಕಾದದ್ದಲ್ಲ, ಅಗಲಿದವನಿಗೆ ಸಲ್ಲುವ ಗೌರವ.' ಎಷ್ಟು ಚಂದ ಬರದೀರಿ. ಸಾಕು ಬಿಡವ್ವ, ಅವನನ್ನ ಕಳಿಸಿಕೊಡು ಅಂದೆ. ಸೋಮವಾರದಿಂದ ಕಾಯೂದ ಬಿಟ್ಟಾಳ. ಈಗ ಎಲ್ಲರಂಗ ಕೆಲಸ ಮಾಡತಾಳ."

ಸುಕೃತಿಗೆ ಕಾಲಿನ ಕೆಳಗಿನ ನೆಲ ಅದುರುವುದು ತಿಳಿಯಿತು. ಆರು ಪ್ರೆಸ್ಸುಗಳ ಏಟು ಅದು. ಹಿಂದೆ ನೋಡಿದರೆ ತಂದೆ ಅಲ್ಲಿರಲಿಲ್ಲ. ಮಾತು ಕೇಳುತ್ತ ನಿಲ್ಲದೆ ಒಳಗೆ ಹೋಗಿಬಿಟ್ಟಿದ್ದರು.

ಅವಳೂ ಓಡಿದಳು. ಬಾಗಿಲಿನಿಂದ ಹೊಳೆವ್ವ ಕಾಣಿಸಿದಳು. ನೀಲಿ ಕೋಟಿನ ಬೆನ್ನು, ಬಿಗಿದು ಕಟ್ಟಿದ ತುರುಬು. ಅವಳ ಬಲಗೈ ತಗಡಿಟ್ಟು ಹೊರಬಂತು, ಏಟು ಬಿತ್ತು, ಅದೇ ಕ್ಷಣ ಕೈ ಒಳಗೆ ಹೋಯಿತು. ಮತ್ತೆ ತಗಡು, ಏಟು, ಕೈ. ನಡುವೆ ಉಸಿರಿನಷ್ಟು ಜಾಗವೂ ಇರಲಿಲ್ಲ. ಸುಕೃತಿ ಅಕ್ಕಾ ಎಂದು ಕೂಗಲು ಬಾಯಿ ತೆರೆದಳು. ಗೋಡೆಯ ಪಕ್ಕದಿಂದ ತಂದೆ ಕೈಯೆತ್ತಿ ಬೇಡ ಎಂದರು. ಯಂತ್ರದ ಮುಂದೆ ಇರುವವರನ್ನು ಹಿಂದಿನಿಂದ ಕೂಗಬಾರದು. ಬೆಚ್ಚಿಬಿದ್ದ ಕೈ ಎಲ್ಲಿ ಹೋಗುತ್ತದೋ ಹೇಳಲಾಗದು. ಅವರು ಗೋಡೆಗುಂಟ ಆತುರವಿಲ್ಲದೆ ನಡೆದು, ಮೂಲೆಯ ಬೋರ್ಡಿನ ಮೇಲಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಒತ್ತಿದರು.

ಇಡೀ ಶೆಡ್ಡಿನ ಕರೆಂಟು ಹೋಯಿತು. ಮೋಟಾರುಗಳ ಗುಂಯ್‌ಗುಡುವಿಕೆ ಇಳಿಯಿತು. ಹೊಳೆವ್ವಳ ಕೈ ಆಗ ಒಳಗಿತ್ತು. ಅವಳು ಪೀಸು ಹಿಡಿದು ಹಾಗೇ ತಲೆಯೆತ್ತಿ, ದೀಪ ಆರಿತಲ್ಲ ಎಂದು ಮೇಲೆ ನೋಡಿದಳು.

ಶ್ಯಾಮಸುಂದರ ಅವಳ ಎದುರಿಗೆ ಬಂದು, ಅವಳಿಗೆ ಕಾಣುವಂತೆ ನಿಂತು, ಮೆಲ್ಲಗೆ ಹೇಳಿದರು.

"ತಾಯಿ, ಕೈ ಆಚೆ ತಗೋ. ಪೆಡಲ್ ಮೇಲಿಂದ ಕಾಲೂ ತೆಗಿ. ಚಕ್ರ ನಿಲ್ಲೋವರೆಗೂ ಏನೂ ಮುಟ್ಟಬೇಡ."

ಯಾರೋ ಗುರುತಿಲ್ಲದ ಮುದುಕರು. ಆದರೂ ಅವರ ದನಿಯಲ್ಲಿ ಏನಿತ್ತೋ, ಹೊಳೆವ್ವ ಕೈ ತೆಗೆದು ಎರಡೂ ಮೊಣಕಾಲ ಮೇಲಿಟ್ಟುಕೊಂಡಳು. ಕಾಲೆತ್ತಿ ಸ್ಟೂಲಿನ ಅಡ್ಡಪಟ್ಟಿಯ ಮೇಲಿಟ್ಟಳು. ಕರೆಂಟು ಹೋದರೂ ಪ್ರೆಸ್ಸಿನ ಪಕ್ಕದ ದೊಡ್ಡ ಚಕ್ರಗಳು ಒಂದಷ್ಟು ಹೊತ್ತು ತಾವಾಗಿ ತಿರುಗುತ್ತಲೇ ಇರುತ್ತವೆ. ಆರು ಚಕ್ರಗಳೂ ತಿರುಗುತ್ತಿದ್ದವು. ಕೆಲಸದವರು ಎದ್ದು ನಿಂತರು. ಶೆಡ್ಡಿನಲ್ಲಿ ಅಷ್ಟೊಂದು ನಿಶ್ಶಬ್ದವನ್ನು ಅವರಲ್ಲಿ ಯಾರೂ ಹಗಲು ಹೊತ್ತಿನಲ್ಲಿ ಕೇಳಿರಲಿಲ್ಲ. ತಗಡಿನ ಮಾಡಿನ ಮೇಲೆ ಕಾಗೆ ನಡೆದದ್ದು ಕೇಳಿಸಿತು.

ಆ ನಿಶ್ಶಬ್ದದಲ್ಲಿ ನಾಲ್ಕನೇ ಪ್ರೆಸ್ಸು ಬಿತ್ತು.

ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ. ಎಲ್ಲರೂ ನೋಡಿದರು. ಮೇಲಿನ ಭಾರ ನಿಧಾನವಾಗಿ, ತಿಳಿದೂ ತಿಳಿದೂ ಕೈ ಚಾಚುವವರ ಹಾಗೆ, ಕೆಳಗಿಳಿದು ಅಚ್ಚಿನ ಮೇಲೆ ಕೂತು, ಎದ್ದು ಮತ್ತೆ ತನ್ನ ಜಾಗಕ್ಕೆ ಹೋಯಿತು. ಸುಕೃತಿಯ ಕತ್ತಿನ ಹಿಂದೆ ತಣ್ಣಗಾಯಿತು. ಕಾರಣ ಅವಳಿಗೆ ಗೊತ್ತಿತ್ತು, ಒಂದು ಗಂಟೆಯ ಹಿಂದಷ್ಟೇ ಕಲಿತಿದ್ದಳು. ಗೊತ್ತಿದ್ದೂ ತಣ್ಣಗಾಯಿತು.

"ನಾನು ಹೇಳಿರ್ಲಿಲ್ವಾ," ಎಂದಳು ಧನಲಕ್ಷ್ಮಿ, ಯಾರಿಗೂ ಅಲ್ಲ ಎಂಬಂತೆ.

ಹೊಳೆವ್ವ ಮಾತ್ರ ಬೆದರಲಿಲ್ಲ. ಮನೆಯವರು ಹೊರಗಿನವರ ಮುಂದೆ ಬಂದು ನಿಂತರೆ ಹೆಂಗಸರು ತಲೆ ಬಗ್ಗಿಸುವಂತೆ ಕೊಂಚ ತಲೆ ಬಗ್ಗಿಸಿದಳು.

ಪಕ್ಕದ ಬೀದಿಯ ಫಿಟ್ಟರ್ ರಾಮಾಂಜಿನಪ್ಪ ಬಂದು ಕ್ಲಚ್ಚು ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಶ್ಯಾಮಸುಂದರ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚು ಹಿಡಿದರು. ಗ್ರೀಸಿನೊಳಗಿಂದ ಸ್ಪ್ರಿಂಗಿನ ಎರಡು ತುಂಡು ಹೊರಬಂದವು. ಮುರಿದ ಬಾಯಿ ಹೊಸದಲ್ಲ, ತುಕ್ಕು ಹಿಡಿದಿತ್ತು.

"ಇಂಗೆ ಇಟ್ಕಂಡು ಓಡ್ಸಿದೀರಲ್ಲ ಸಂಗಣ್ಣ," ಎಂದ ರಾಮಾಂಜಿನಪ್ಪ. "ಆಯಮ್ಮನ ಕೈ ಇನ್ನಾ ಐತಲ್ಲ, ಅದೇ ಎಚ್ಚು."

ಸಂಗಣ್ಣನ ಕಣ್ಣು ಸುಕೃತಿಯ ಮೇಲಿತ್ತು. ಬೈಗುಳವಿಲ್ಲ, ಸಿಟ್ಟಿಲ್ಲ. ದಾರಿ ತಪ್ಪಿಸಿದವರನ್ನು ದಾರಿಹೋಕರು ನೋಡುವ ನೋಟ. ಅವಳು ಆಫೀಸಿಗೆ ಹೋಗಿ ಗೋಡೆಯ ಮೇಲಿನ ಎರಡು ಪುಟ ಕಿತ್ತಳು. ನಾಲ್ಕು ಮೂಲೆಗೂ ಗಟ್ಟಿಯಾಗಿ ಅಂಟಿಸಿದ್ದ. ಸುಣ್ಣದ ಸಮೇತ ಬಂತು. ಮಡಚಿ ಕೈಯಲ್ಲಿ ಹಿಡಿದು, ಉಗ್ರಾಣದ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದ ಹೊಳೆವ್ವಳ ಪಕ್ಕದಲ್ಲಿ ಕೂತಳು.

ಹೇಳಬೇಕಾದದ್ದನ್ನು ಹೇಳಿದಳು. ಎರಡನೇ ಏಟು ಸ್ಪ್ರಿಂಗಿನದು. ನೀವು ಮೊದಲ ದಿನದಿಂದ ಸರಿಯಾಗಿಯೇ ಹೇಳಿದ್ದೀರಿ, ಬೀಳುತ್ತದೆ ಅಂದರೆ ಬೀಳುತ್ತಿತ್ತು. ನಾನು ಅದನ್ನು ಬೇರೆ ಏನೋ ಮಾಡಿ ಬರೆದೆ. ನೀವು ಕಾಯುತ್ತಿದ್ದದ್ದರಿಂದ ಕೈ ಉಳಿಯಿತು, ನಾನು ಬರೆದದ್ದನ್ನು ಓದಿ ಅವರು ಕಾಯುವುದನ್ನು ಬಿಡಿಸಿದರು. ಇಷ್ಟನ್ನು ಹೇಳಿದ ಮೇಲೆ ಕ್ಷಮಿಸಿ ಎಂಬ ಮಾತು ಬಂತು. ಅದು ತೀರ ಸಣ್ಣದಾಗಿ ಕೇಳಿಸಿತು.

ಹೊಳೆವ್ವ ತನ್ನ ಬಲಗೈ ಬೆರಳುಗಳ ಗ್ರೀಸನ್ನು ಹತ್ತಿಯಿಂದ ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದಳು.

"ಹಂಗಾರ ಎಂಟ ತಿಂಗಳು ನಾ ಯಾರ ಕೂಡ ಮಾತಾಡಿದೆ ತಂಗಿ?"

ಸುಕೃತಿ ಕೈಯಲ್ಲಿದ್ದ ಹಾಳೆಗಳನ್ನು ಇನ್ನೊಮ್ಮೆ ಮಡಚಿದಳು.

"ಮಗಳ ಸಾಲಿ ಸುದ್ದಿ ಹೇಳಿದೆ. ಅತ್ತಿ ಕಣ್ಣ ಆಪರೇಶನ್ ಹೇಳಿದೆ. ಖೋಲಿ ಬದಲಿ ಮಾಡ್ಲ್ಯಾ ಬ್ಯಾಡ ಅಂತ ಕೇಳಿದೆ. ಅಂವ ಹೂಂ ಅಂದಂಗ ಆಗತಿತ್ತು." ಅವಳು ಹತ್ತಿಯನ್ನು ಉಂಡೆ ಮಾಡಿದಳು. "ಸಂಗಣ್ಣ ನಿನ್ನ ಹಾಳಿ ಓದಿ ಹೇಳಿದ ಮ್ಯಾಲ ಕಾಯೂದ ಬಿಟ್ಟೆ, ಖರೆ. ಆದರ ನೀ ಬರದಿ ಅಂತ ಬಿಡಲಿಲ್ಲ. ಅಂವಗ ಹೇಳೇ ಬಿಟ್ಟೆ. ಇವರಿಗೆ ಮಾಲು ಜಲ್ದಿ ಬೇಕಂತ, ನಾ ಕೈ ಹಾಕತೀನಿ, ನೀ ನೋಡ್ಕೊಂಡು ಒತ್ತು ಅಂದೆ."

ಒಳಗೆ ರಾಮಾಂಜಿನಪ್ಪ ಏನೋ ಬಡಿಯುತ್ತಿದ್ದ.

"ಸೋಮವಾರ, ಮಂಗಳವಾರ, ನಿನ್ನಿ, ಇವತ್ತು. ಎಷ್ಟ ಸಲ ಕೈ ಹೋಗಿ ಬಂತು, ನೀನ ಲೆಕ್ಕ ಹಾಕು. ಎರಡನೇ ಏಟು ಬೀಳಲಿಲ್ಲಂತಲ್ಲ. ಬಿತ್ತು. ತಗಡು ಇಡೂಕಿಂತ ಮೊದಲ ಬಿತ್ತು, ನೀರು ಕುಡಿಲಿಕ್ಕೆ ಎದ್ದಾಗ ಬಿತ್ತು. ಕೈ ಒಳಗಿದ್ದಾಗ ಒಮ್ಮೆರ ಬೀಳಲಿಲ್ಲ." ಅವಳು ಮೊದಲ ಸಲ ಸುಕೃತಿಯ ಮುಖ ನೋಡಿದಳು. "ಬಿದ್ದದ್ದು ಸ್ಪ್ರಿಂಗ್ ಅಂದಿ. ಆತು. ಬೀಳಲಾರದ್ದು ಏನು?"

ಶ್ಯಾಮಸುಂದರ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದರು. ಅವರಿಗೆ ಆ ಪ್ರಶ್ನೆ ಕೇಳಿಸಿತ್ತು. ಅದೃಷ್ಟ, ಆಕಸ್ಮಿಕ, ಹತ್ತಕ್ಕೆ ಒಂಬತ್ತು ಸಲ ಹೀಗೂ ಆಗುತ್ತದೆ, ಎಂದು ಹೇಳಬಹುದಿತ್ತು. ಶಾಪಿನಲ್ಲಿ ಹಾಗೆ ಹೇಳಿ ರೂಢಿಯಿದ್ದವರು. ಇವತ್ತು ಬೆರಳ ಸಂದಿಯ ಗ್ರೀಸನ್ನು ಮತ್ತೆ ಒರೆಸತೊಡಗಿದರು.

ನಾಲ್ಕು ವರ್ಷದಿಂದ ಸುಕೃತಿ ಕಲಿತದ್ದೆಲ್ಲ ಇನ್ನೊಬ್ಬರಿಗೆ ಪ್ರಶ್ನೆ ಕೇಳುವುದನ್ನು. ನಿಜವೇ ಎಂದು ಯಾರಾದರೂ ತನ್ನನ್ನೇ ಕೇಳಿದರೆ ಎಲ್ಲಿ ನಿಂತು ಉತ್ತರ ಹೇಳಬೇಕೆಂದು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಸ್ಪ್ರಿಂಗೇ ಎಂದರೆ ಈ ಹೆಂಗಸಿನಿಂದ ಕೊನೆಯದನ್ನೂ ಕಿತ್ತುಕೊಂಡಂತೆ. ಅವನೇ ಎಂದರೆ ನಾಳೆ ಇನ್ನೊಂದು ಕೆಟ್ಟ ಯಂತ್ರದೊಳಗೆ ಇವಳು ನಂಬಿಕೆಯಿಂದ ಕೈ ಇಡುತ್ತಾಳೆ.

"ಗೊತ್ತಿಲ್ಲ ಅಕ್ಕ," ಎಂದಳು. "ಬಿದ್ದದ್ದು ಮಾತ್ರ ಗೊತ್ತು. ಇನ್ನು ಯಾವ ಮೆಷಿನ್ ಎರಡು ಸಲ ಬಿದ್ರೂ, ಯಾರೇ ಒತ್ತಿದಾರೆ ಅನ್ಸಿದ್ರೂ, ಮೊದಲು ಎದ್ದುಬಿಡಿ. ಆಮೇಲೆ ನನಗೆ ಫೋನ್ ಮಾಡಿ."

"ನಿನಗ್ಯಾಕ? ಫಿಟ್ಟರಿಗೆ ಮಾಡತೀನಿ," ಎಂದಳು ಹೊಳೆವ್ವ. ಅದರಲ್ಲಿ ಕುಹಕವಿರಲಿಲ್ಲ. ನಗುವೂ ಇರಲಿಲ್ಲ.

ಹನ್ನೊಂದೂವರೆಗೆ ಹೊಸ ಸ್ಪ್ರಿಂಗು ಕೂತಿತು. ರಾಮಾಂಜಿನಪ್ಪ ಕರೆಂಟು ಕೊಟ್ಟು, ಮರದ ಕೋಲಿನಿಂದ ತಗಡು ಇಟ್ಟು, ಐವತ್ತು ಸಲ ಪೆಡಲ್ ಒತ್ತಿ ನೋಡಿದ. ಐವತ್ತು ಸಲವೂ ಒಂದೇ ಏಟು. ಎಲ್ಲರೂ ಸುತ್ತ ನಿಂತು ನೋಡಿದರು. ಪ್ರತಿ ಏಟಿನ ನಂತರ ಅವರೆಲ್ಲರ ಉಸಿರು ಒಂದು ಕ್ಷಣ ತಡೆಯುತ್ತಿತ್ತು. ಏನೂ ಬರುತ್ತಿರಲಿಲ್ಲ. ಐವತ್ತು ಆದ ಮೇಲೆ ಸಂಗಣ್ಣ, ಕೂಡು ಬಾ ಹೊಳೆವ್ವ ಎಂದು ಕರೆದ. ಅವಳು ಬರಲಿಲ್ಲ. ಇನ್ನು ಅದರ ಮುಂದೆ ಕೂರುವುದಿಲ್ಲ ಎಂದಳು. ಯಾಕೆಂದು ಅವನು ಕೇಳಲಿಲ್ಲ. ಧನಲಕ್ಷ್ಮಿ ಹೋಗಿ ಕೂತಳು. ಮೊದಲ ಹತ್ತು ಪೀಸು ಹೆದರಿ ಹೆದರಿ ಒತ್ತಿದಳು. ಆಮೇಲೆ ಕೈ ಓಡಿತು.

ಹೊಳೆವ್ವ ಶೆಡ್ಡಿನ ಇನ್ನೊಂದು ತುದಿಯ ಪ್ಯಾಕಿಂಗ್ ಮೇಜಿಗೆ ಹೋಗಿ, ಚಪ್ಪಟೆಯಾಗಿ ಒಟ್ಟಿದ್ದ ರಟ್ಟಿನ ಡಬ್ಬಗಳನ್ನು ಬಿಡಿಸತೊಡಗಿದಳು. ತಂದೆ ಸ್ಕೂಟರಿನ ಹತ್ತಿರ ಹೋಗಿ ನಿಂತಿದ್ದರು. ಹೊರಡುವುದೋ ನಿಲ್ಲುವುದೋ ತಿಳಿಯದೆ ಸುಕೃತಿ ಮೇಜಿನ ಪಕ್ಕಕ್ಕೆ ಬಂದಳು. ಹೊಳೆವ್ವ ಅವಳನ್ನು ನೋಡಿಯೂ ನೋಡದಂತೆ ನಾಲ್ಕು ಡಬ್ಬ ಮುಗಿಸಿದಳು. ಐದನೆಯದರ ರಟ್ಟು ದಪ್ಪವಿತ್ತು, ಬಾಯಿ ಮುಚ್ಚಿಕೊಳ್ಳದೆ ಎದ್ದೆದ್ದು ಬರುತ್ತಿತ್ತು.

"ಸುಮ್ನ ಯಾಕ ನಿಂತಿ," ಎಂದಳು. "ಆ ಮೂಲಿ ಹಿಡಿ."

ಸುಕೃತಿ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿ, ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಹೊಳೆವ್ವ ಟೇಪನ್ನು ಉದ್ದಕ್ಕೆ ಎಳೆದು, ಹಲ್ಲಿನಿಂದ ಕಡಿದು, ಅಂಟಿಸಿ, ಮುಂದಿನ ಡಬ್ಬ ತೆಗೆದುಕೊಂಡಳು.